ಮೊದಲು ಟ್ರಾನ್ಸ್‌ಡ್ಯೂಸರ್, ಆಮೇಲೆ ಪರದೆ: ಸಣ್ಣ ದೋಣಿಗೆ ಆಳಮಾಪಕ ಆರಿಸಿದ ನನ್ನ ಅನುಭವ

ಶಬ್ದದ ಪ್ರತಿಧ್ವನಿಯಿಂದ ನೀರಿನ ಆಳವನ್ನೂ ಮೀನನ್ನೂ ತೋರಿಸುವ ಆಳಮಾಪಕ ಕೊಳ್ಳಲು ಹೊರಟವರ ಕಣ್ಣು ಸಹಜವಾಗಿ ಪರದೆಯ ಮೇಲೆ ಬೀಳುತ್ತದೆ. ಅದು ಎಷ್ಟು ದೊಡ್ಡದು, ಎಷ್ಟು ಬಣ್ಣ ತೋರಿಸುತ್ತದೆ, ಅದರಲ್ಲಿ ನಕಾಶೆ ಇದೆಯೇ ಎಂಬ ಪ್ರಶ್ನೆಗಳೆಲ್ಲ ಮುಗಿದ ಮೇಲೆ, ಜೊತೆಗೆ ಬಂದ ಟ್ರಾನ್ಸ್‌ಡ್ಯೂಸರನ್ನು ಸಿಕ್ಕ ಜಾಗದಲ್ಲಿ ಕೂರಿಸುವುದು ರೂಢಿ. ನಾನು ಈ ಕ್ರಮವನ್ನು ತಿರುವುಮುರುವು ಮಾಡಿದೆ. ನೀರಿನೊಳಗೆ ಶಬ್ದವನ್ನು ಕಳಿಸುವುದೂ ಮರಳಿ ಬಂದ ಪ್ರತಿಧ್ವನಿಯನ್ನು ಕೇಳುವುದೂ ಟ್ರಾನ್ಸ್‌ಡ್ಯೂಸರ್. ಅದರ ಕಿವಿಗೆ ಬೀಳದ ಮೀನನ್ನು ಎಂಥ ಪರದೆಯೂ ಬರೆದು ತೋರಿಸಲಾರದು.

ನನ್ನ ಅಗತ್ಯವನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನ ನಿರ್ಧಾರಗಳೆಲ್ಲ ಅದನ್ನೇ ಅವಲಂಬಿಸಿವೆ. ನನ್ನದು ಗಟ್ಟಿ ಫೈಬರ್ ಗ್ಲಾಸಿನ, ಹಿಂಬದಿಗೆ ಹೊರಗಿನಿಂದ ತಗುಲಿಸುವ ಒಂದೇ ಔಟ್‌ಬೋರ್ಡ್ ಎಂಜಿನ್ ಇರುವ ದೋಣಿ. ನಾನು ಹೆಚ್ಚಾಗಿ 20ರಿಂದ 60 ಮೀಟರ್ ಆಳದ ಸಮುದ್ರದಲ್ಲಿ, ತಳಕ್ಕೆ ಹತ್ತಿರವಾಗಿ ಇರುವ ಮೀನನ್ನು ಗಾಳ ಹಾಕಿ ಹಿಡಿಯುತ್ತೇನೆ. ಆದ್ದರಿಂದ ಆಳದ ಅಂಕಿಯೊಂದೇ ನನಗೆ ಸಾಲದು. ತಳಕ್ಕೆ ಅಂಟಿಕೊಂಡಂತಿರುವ ಮೀನನ್ನು ತಳದಿಂದ ಬೇರ್ಪಡಿಸಿ ತೋರಿಸುವ ಸಾಧನ ಬೇಕಿತ್ತು.

ಸಮುದ್ರದ ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1500 ಮೀಟರ್ ವೇಗದಲ್ಲಿ ಸಾಗುತ್ತದೆ. 30 ಮೀಟರ್ ಆಳದ ತಳವನ್ನು ಮುಟ್ಟಿ ಹಿಂದಿರುಗಲು ಅದಕ್ಕೆ ಸೆಕೆಂಡಿನ ನೂರರಲ್ಲಿ ನಾಲ್ಕು ಭಾಗದಷ್ಟು ಸಮಯ ಸಾಕು. ಸಣ್ಣ ದೋಣಿಗಳ ಸಾಧನಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವುದು 50 ಮತ್ತು 200 ಕಿಲೋಹರ್ಟ್ಜ್ ಎಂಬ ಎರಡು ಆವರ್ತನಗಳು. ಆವರ್ತನ ಹೆಚ್ಚಿದಂತೆ ಉಪ್ಪುನೀರು ಶಬ್ದವನ್ನು ಹೆಚ್ಚು ಹೀರಿಕೊಳ್ಳುವುದರಿಂದ, ನೂರಾರು ಮೀಟರ್ ಆಳಕ್ಕೆ ಹೋಗುವವರಿಗೆ 50 ಕಿಲೋಹರ್ಟ್ಜ್ ಅನಿವಾರ್ಯ. ನನ್ನ 60 ಮೀಟರಿಗೆ 200 ಕಿಲೋಹರ್ಟ್ಜ್ ಧಾರಾಳವಾಗಿ ತಲುಪುತ್ತದೆ. ಸಿಹಿನೀರು ಶಬ್ದವನ್ನು ಹೀರುವುದು ಬಹಳ ಕಡಿಮೆಯಾದ್ದರಿಂದ ಕೆರೆ ಮತ್ತು ಜಲಾಶಯಗಳಲ್ಲಿ ಮೀನು ಹಿಡಿಯುವವರು ಈ ವಿಷಯದಲ್ಲಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಆದರೆ ನನ್ನ ಆಯ್ಕೆಯನ್ನು ನಿರ್ಧರಿಸಿದ್ದು ಶಬ್ದ ತಲುಪುವ ದೂರಕ್ಕಿಂತ ಹೆಚ್ಚಾಗಿ ಅದು ಹರಡುವ ಕೋನ. ಟ್ರಾನ್ಸ್‌ಡ್ಯೂಸರಿನಿಂದ ಹೊರಟ ಶಬ್ದ ಶಂಕುವಿನ ಆಕಾರದಲ್ಲಿ ಕೆಳಗಿಳಿಯುತ್ತದೆ. ಚಿಕ್ಕ ಟ್ರಾನ್ಸ್‌ಡ್ಯೂಸರುಗಳಲ್ಲಿ ಈ ಶಂಕುವಿನ ಕೋನ 50 ಕಿಲೋಹರ್ಟ್ಜ್‌ನಲ್ಲಿ ಸುಮಾರು 45 ಡಿಗ್ರಿ, 200ರಲ್ಲಿ ಸುಮಾರು 12 ಡಿಗ್ರಿ ಇರುತ್ತದೆ. 40 ಮೀಟರ್ ಆಳದಲ್ಲಿ ಮೊದಲನೆಯದು ತಳದ ಮೇಲೆ 33 ಮೀಟರ್ ಅಗಲದ ವೃತ್ತವನ್ನು ನೋಡಿದರೆ, ಎರಡನೆಯದು ಎಂಟೂವರೆ ಮೀಟರ್ ಅಗಲವನ್ನಷ್ಟೇ ನೋಡುತ್ತದೆ. ಅಗಲ ಹೆಚ್ಚಿದ್ದರೆ ಹೆಚ್ಚು ಮೀನು ಕಾಣುತ್ತದೆ ಎಂದು ತೋರುವುದು ಸಹಜ. ಸಾಧನವು ಅಳೆಯುವುದು ದೂರವನ್ನೇ ಹೊರತು ದಿಕ್ಕನ್ನಲ್ಲ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಲೆಕ್ಕ ಹಾಕಿದರೆ ಚಿತ್ರ ಬದಲಾಗುತ್ತದೆ. ದೋಣಿಯ ನೇರ ಕೆಳಗಿನ ತಳ 40 ಮೀಟರ್ ದೂರದಲ್ಲಿರುವಾಗ, ಶಂಕುವಿನ ಅಂಚಿನಲ್ಲಿರುವ ಮೀನು ತಳಕ್ಕಿಂತ ಮೇಲಿದ್ದರೂ ಓರೆಯಾಗಿ ಅಳೆದಾಗ 40 ಮೀಟರಿಗಿಂತ ದೂರವಿರಬಹುದು. ಅಂಥ ಮೀನಿನ ಪ್ರತಿಧ್ವನಿ ಬರುವ ಹೊತ್ತಿಗೆ ತಳದ ಬಲವಾದ ಪ್ರತಿಧ್ವನಿ ಬಂದಾಗಿರುತ್ತದೆ, ಮೀನು ಅದರೊಳಗೆ ಮುಚ್ಚಿಹೋಗುತ್ತದೆ. 45 ಡಿಗ್ರಿಯ ಶಂಕುವಿನ ಅಂಚಿನಲ್ಲಿ ತಳದಿಂದ ಸುಮಾರು 3 ಮೀಟರ್ ಎತ್ತರದವರೆಗೆ ಹೀಗೆ ಕುರುಡು ವಲಯ ಉಂಟಾಗುತ್ತದೆ. 12 ಡಿಗ್ರಿಯಲ್ಲಿ ಅದು 22 ಸೆಂಟಿಮೀಟರ್ ಮಾತ್ರ. ತಳ ಇಳಿಜಾರಾಗಿದ್ದರೆ ಮೇಲ್ಬದಿಯ ತಳದ ಪ್ರತಿಧ್ವನಿ ಮೊದಲು ಬರುವುದರಿಂದ ಅಗಲ ಶಂಕುವಿನ ತೊಂದರೆ ಇನ್ನೂ ಬೆಳೆಯುತ್ತದೆ. ತಳದ ಮೀನನ್ನೇ ನೆಚ್ಚಿಕೊಂಡ ನನಗೆ ಈ ಒಂದು ಲೆಕ್ಕವೇ ಕಿರಿದಾದ ಶಂಕುವನ್ನು ಆರಿಸಲು ಸಾಕಾಯಿತು. ನಡುನೀರಿನಲ್ಲಿ ತೇಲುವ ಹಿಂಡುಗಳನ್ನು ಹುಡುಕುವವರ ತೀರ್ಮಾನ ಬೇರೆಯಾಗಬಹುದು, ಅದು ಸರಿಯೂ ಹೌದು.

ಎರಡನೆಯ ಪ್ರಶ್ನೆ ಸೂಕ್ಷ್ಮತೆಯದು, ಅಂದರೆ ಹತ್ತಿರದ ಎರಡು ವಸ್ತುಗಳನ್ನು ಬೇರೆಬೇರೆಯಾಗಿ ತೋರಿಸುವ ಸಾಮರ್ಥ್ಯದ್ದು. ಒಂದೇ ಆವರ್ತನದ ಹಳೆಯ ಬಗೆಯ ಸಾಧನದಲ್ಲಿ ಒಂದು ಬಾರಿಗೆ ಕಳಿಸುವ ಶಬ್ದದ ಮಿಡಿತ ನೀರಿನಲ್ಲಿ ಎಷ್ಟು ಉದ್ದವೋ ಅದರ ಅರ್ಧದಷ್ಟು ಅಂತರದೊಳಗಿನ ಎರಡು ವಸ್ತುಗಳು ಒಂದಾಗಿ ಕಾಣುತ್ತವೆ. ಅರ್ಧ ಮಿಲಿಸೆಕೆಂಡಿನ ಮಿಡಿತಕ್ಕೆ ಈ ಅಂತರ ಸುಮಾರು 37 ಸೆಂಟಿಮೀಟರ್. ಚರ್ಪ್ ತಂತ್ರದಲ್ಲಿ ಮಿಡಿತದುದ್ದಕ್ಕೂ ಆವರ್ತನ ಬದಲಾಗುತ್ತ ಹೋಗುವುದರಿಂದ, 40 ಕಿಲೋಹರ್ಟ್ಜ್‌ನಷ್ಟು ವ್ಯಾಪ್ತಿ ಸಿಕ್ಕರೆ ಲೆಕ್ಕದ ಪ್ರಕಾರ 2 ಸೆಂಟಿಮೀಟರಿನಷ್ಟು ಸೂಕ್ಷ್ಮತೆ ದೊರೆಯುತ್ತದೆ. ಪರದೆಗೆ ಮಹತ್ವ ಬರುವುದು ಇಲ್ಲಿ. 60 ಮೀಟರ್ ನೀರನ್ನು 480 ಸಾಲುಗಳ ಪರದೆಯಲ್ಲಿ ತೋರಿಸಿದರೆ ಒಂದೊಂದು ಸಾಲಿಗೆ ಹನ್ನೆರಡೂವರೆ ಸೆಂಟಿಮೀಟರ್ ಬೀಳುತ್ತದೆ, ಗಳಿಸಿದ ಸೂಕ್ಷ್ಮತೆ ಅಲ್ಲೇ ಕರಗಿಹೋಗುತ್ತದೆ. ಹೀಗಾಗಿ ತಳದ ಮೇಲಿನ ಕೆಲವೇ ಮೀಟರುಗಳನ್ನು ಹಿಗ್ಗಿಸಿ ತೋರಿಸುವ ಸೌಲಭ್ಯ ಇರುವ, ಬಿಸಿಲಿನಲ್ಲಿ ಓದಲು ಬರುವ ಪರದೆಯನ್ನು ತೆಗೆದುಕೊಂಡೆ. ಉಳಿದ ಅಲಂಕಾರಗಳಿಗೆ ಹಣ ಕೊಡಲಿಲ್ಲ.

ಸಾಧನದ ಶಕ್ತಿಯನ್ನು ಹೇಳುವ ವಾಟ್‌ಗಳ ಅಂಕಿಯನ್ನು ಓದುವಾಗ ಎಚ್ಚರ ಬೇಕು. ಒಂದು ಬಗೆಯ ಸರಾಸರಿಯಾದ ಆರ್‌ಎಂಎಸ್ ಅಳತೆಯ 500 ವಾಟ್‌ಗಳನ್ನೇ, ಅಲೆಯ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಅಳೆಯುವ ಪೀಕ್ ಟು ಪೀಕ್ ಲೆಕ್ಕದಲ್ಲಿ ಬರೆದರೆ 4000 ವಾಟ್ ಆಗುತ್ತದೆ. ಎರಡು ಸಾಧನಗಳನ್ನು ಹೋಲಿಸುವಾಗ ಒಂದೇ ಅಳತೆಯಲ್ಲಿ ಹೋಲಿಸಬೇಕು, ಮತ್ತು ಸಾಧನ ಕೊಡುವ ಶಕ್ತಿಯನ್ನು ಟ್ರಾನ್ಸ್‌ಡ್ಯೂಸರ್ ತಾಳಿಕೊಳ್ಳುತ್ತದೆಯೇ ಎಂದು ನೋಡಿಕೊಳ್ಳಬೇಕು.

ಕೂರಿಸುವ ಬಗೆಯನ್ನು ದೋಣಿಯ ವಸ್ತುವೇ ಬಹುಮಟ್ಟಿಗೆ ತೀರ್ಮಾನಿಸುತ್ತದೆ. ದೋಣಿಯ ಒಳಗಿನಿಂದಲೇ ಶಬ್ದ ಕಳಿಸುವ ಬಗೆ ಗಟ್ಟಿ ಫೈಬರಿಗೆ ಮಾತ್ರ ಹೊಂದುತ್ತದೆ. ಮರ, ಲೋಹ, ನಡುವೆ ನೊರೆಪದರ ಇರುವ ಫೈಬರ್ ಇವುಗಳ ಮೂಲಕ ಶಬ್ದ ಸರಿಯಾಗಿ ಹಾಯುವುದಿಲ್ಲ. ತಳವನ್ನು ಕೊರೆದು ಕೂರಿಸುವುದಾದರೆ ಮರದ ದೋಣಿಗೆ ಕಂಚಿನಂಥ ಲೋಹದ ಕವಚವೇ ಆಗಬೇಕು, ಏಕೆಂದರೆ ನೀರು ಕುಡಿದು ಉಬ್ಬುವ ಮರ ಪ್ಲಾಸ್ಟಿಕ್ಕನ್ನು ಸೀಳಬಲ್ಲದು. ಅಲ್ಯೂಮಿನಿಯಂ ದೋಣಿಗೆ ಕಂಚನ್ನು ಮುಟ್ಟಿಸಲೇಬಾರದು. ಉಪ್ಪುನೀರಿನಲ್ಲಿ ಎರಡು ಲೋಹಗಳ ನಡುವೆ ವಿದ್ಯುತ್ ಹರಿದು ಅಲ್ಯೂಮಿನಿಯಂ ತಿಂದುಹೋಗುತ್ತದೆ.

ನನ್ನದು ಗಟ್ಟಿ ಫೈಬರ್ ಆದ್ದರಿಂದ ಒಳಗೆ ಕೂರಿಸುವ ಬಗೆಯನ್ನು ಪರೀಕ್ಷಿಸಿ ನೋಡಿದೆ. ನೀರು ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಟ್ರಾನ್ಸ್‌ಡ್ಯೂಸರನ್ನು ಇಟ್ಟು ದೋಣಿಯ ಒಳತಳಕ್ಕೆ ಒತ್ತಿ ಹಿಡಿದು, ಆಮೇಲೆ ಅದನ್ನೇ ಪಕ್ಕದಿಂದ ನೀರಿಗೆ ಇಳಿಸಿ, ಎರಡೂ ಚಿತ್ರಗಳನ್ನು ಒಂದೇ ಜಾಗದಲ್ಲಿ ಹೋಲಿಸಿದೆ. ಒಳಗಿನಿಂದ ತಳ ಸ್ಪಷ್ಟವಾಗಿ ಬಂದರೂ ಚಿಕ್ಕ ಮೀನುಗಳ ಗುರುತುಗಳು ಮಸುಕಾಗಿದ್ದವು. ಕೊರೆಯದೆ, ಅಂಟಿಸದೆ ಮಾಡಬಹುದಾದ ಈ ಪರೀಕ್ಷೆಯನ್ನು ಪ್ರತಿಯೊಬ್ಬರೂ ಮಾಡಬೇಕೆಂದು ನಾನು ಒತ್ತಿ ಹೇಳುತ್ತೇನೆ. ಕೊನೆಗೆ ನಾನು ದೋಣಿಯ ಹಿಂಬದಿಗೆ, ಎಂಜಿನ್ ಕೂರುವ ಹಲಗೆಯ ಹೊರಮೈಗೆ ಹಾಕುವ ಬಗೆಯನ್ನು ಆರಿಸಿದೆ. ಅದರಿಂದ ನೀರಿನ ಉಷ್ಣತೆಯೂ ತಿಳಿಯುತ್ತದೆ.

ಟ್ರಾನ್ಸ್‌ಡ್ಯೂಸರಿನ ದೊಡ್ಡ ಶತ್ರು ಗಾಳಿಗುಳ್ಳೆ. ಗುಳ್ಳೆಗಳ ತೆಳುವಾದ ಪದರವೂ ಶಬ್ದವನ್ನು ತಡೆದುಬಿಡುತ್ತದೆ. ದೋಣಿ ವೇಗವಾಗಿ ಓಡುವಾಗ ಹಿಂಬದಿಯಿಂದ ನೀರು ಎಲ್ಲಿ ನೊರೆಯಿಲ್ಲದೆ, ನುಣುಪಾಗಿ ಹೊರಬರುತ್ತದೆ ಎಂಬುದನ್ನು ಗಮನಿಸಿ ಅಲ್ಲಿ ಗುರುತು ಹಾಕಿದೆ. ನನ್ನ ಪ್ರೊಪೆಲ್ಲರ್ ಹಿಂದಿನಿಂದ ನೋಡಿದಾಗ ಬಲಕ್ಕೆ ತಿರುಗುತ್ತದೆ. ಅದರ ಎಲೆಗಳು ಕೆಳಗಿಳಿಯುವ ಬಲಭಾಗದಲ್ಲಿ ಗುಳ್ಳೆ ಕಡಿಮೆ. ಮೊದಲು ಒಂದು ಪ್ಲಾಸ್ಟಿಕ್ ಹಲಗೆಯನ್ನು ಹಿಂಬದಿಗೆ ಬಿಗಿದು, ತೂತುಗಳಿಗೆ ನೀರು ಸೋರದ ಅಂಟು ತುಂಬಿ, ಆ ಹಲಗೆಗೆ ಟ್ರಾನ್ಸ್‌ಡ್ಯೂಸರನ್ನು ಜೋಡಿಸಿದೆ. ಅದರ ಮುಖ ದೋಣಿಯ ತಳಕ್ಕಿಂತ ಸುಮಾರು 3 ಮಿಲಿಮೀಟರ್ ಕೆಳಗಿರುವಂತೆ ಹೊಂದಿಸಿ, ಪೂರ್ಣ ವೇಗದಲ್ಲೂ ಆಳದ ಅಂಕಿ ತಪ್ಪದೆ ಬರುವವರೆಗೆ ಸ್ವಲ್ಪ ಸ್ವಲ್ಪವಾಗಿ ತಿದ್ದಿದೆ. ಈಗ ಬದಲಾವಣೆ ಬೇಕೆನಿಸಿದರೂ ದೋಣಿಯನ್ನು ಮತ್ತೆ ಕೊರೆಯಬೇಕಾಗಿಲ್ಲ.

ಟ್ರಾನ್ಸ್‌ಡ್ಯೂಸರಿನ ಕೇಬಲನ್ನು ಎಂಜಿನ್ ತಂತಿಗಳಿಂದಲೂ ರೇಡಿಯೋ ತಂತಿಯಿಂದಲೂ ದೂರವಾಗಿ ಎಳೆದಿದ್ದೇನೆ, ಉದ್ದ ಹೆಚ್ಚಾದರೂ ಕತ್ತರಿಸಿಲ್ಲ. ವಿದ್ಯುತ್ತನ್ನು ಬ್ಯಾಟರಿಯಿಂದ ನೇರವಾಗಿ, ಫ್ಯೂಸ್ ಮೂಲಕ ಕೊಟ್ಟಿದ್ದೇನೆ.

ಅಂಕಿಯನ್ನು ನಂಬುವ ಮೊದಲು, ಅಲೆಯಿಲ್ಲದ ಹೊತ್ತಿನಲ್ಲಿ ಸೀಸದ ಗುಂಡು ಕಟ್ಟಿದ ಅಳತೆಯ ಹಗ್ಗವನ್ನು ಇಳಿಸಿ ತಾಳೆ ನೋಡಿದೆ. ಟ್ರಾನ್ಸ್‌ಡ್ಯೂಸರ್ ನೀರಿನ ಮಟ್ಟದಿಂದ ಎಷ್ಟು ಕೆಳಗಿದೆಯೋ ಅಷ್ಟನ್ನು ಸಾಧನದಲ್ಲಿ ಸೇರಿಸಬೇಕು. ಅಲ್ಲದೆ 28 ಡಿಗ್ರಿಯ ಬೆಚ್ಚನೆಯ ಸಮುದ್ರದಲ್ಲಿ ಶಬ್ದದ ವೇಗ 1540 ಮೀಟರಿನಷ್ಟಿರುವುದರಿಂದ, ಸಾಧನ 1500 ಎಂದುಕೊಂಡಿದ್ದರೆ 50 ಮೀಟರ್ ಆಳಕ್ಕೆ ಒಂದೂಕಾಲು ಮೀಟರಿಗಿಂತ ಹೆಚ್ಚಿನ ವ್ಯತ್ಯಾಸ ಬರುತ್ತದೆ. ಗಾಳ ಇಳಿಸುವಾಗ ಇದು ಲೆಕ್ಕಕ್ಕೆ ಬರುವ ಅಂತರ. ಟ್ರಾನ್ಸ್‌ಡ್ಯೂಸರಿನ ಮುಖದ ಮೇಲೆ ಪಾಚಿ, ಚಿಪ್ಪು ಬೆಳೆದರೆ ಚಿತ್ರ ಮಂಕಾಗುತ್ತದೆ. ಅದನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ ತೆಗೆಯುತ್ತೇನೆ, ಮತ್ತು ಪಾಚಿ ತಡೆಯುವ ಬಣ್ಣ ಹಚ್ಚುವುದಾದರೆ ನೀರನ್ನೇ ದ್ರಾವಕವಾಗಿ ಬಳಸಿ ತಯಾರಿಸಿದ ಬಗೆಯದನ್ನೇ ತೆಳುವಾಗಿ ಹಚ್ಚುತ್ತೇನೆ, ಏಕೆಂದರೆ ಕೀಟೋನ್ ಇರುವ ದ್ರಾವಕಗಳು ಪ್ಲಾಸ್ಟಿಕ್ ಮುಖವನ್ನು ಹಾಳುಮಾಡುತ್ತವೆ.