ನೆಟ್‌ವರ್ಕ್ ಇಲ್ಲದಲ್ಲೂ ತೆರೆಯುವ ಟಿಪ್ಪಣಿ ಆ್ಯಪ್: ಆರಿಸುವ ಮುನ್ನ

ಸ್ವಂತ ಸರ್ವರ್‌ನಲ್ಲಿ ಟಿಪ್ಪಣಿ ಇಟ್ಟುಕೊಳ್ಳಬೇಕೆನ್ನುವವರು ಸಾಮಾನ್ಯವಾಗಿ ಸರ್ವರ್‌ನಿಂದಲೇ ಯೋಚನೆ ಶುರುಮಾಡುತ್ತಾರೆ, ಶುರುಮಾಡಬೇಕಾದದ್ದು ಮೊಬೈಲಿನಿಂದ. ಮಂಡ್ಯದ ನಮ್ಮ ಮನೆಯಲ್ಲಿ ಹಳೆಯ ಲ್ಯಾಪ್‌ಟಾಪೊಂದನ್ನು ಸರ್ವರ್ ಮಾಡಿ, ಕಬ್ಬಿನ ಕಟಾವಿನ ಲೆಕ್ಕ, ಕೂಲಿಯ ಬಟವಾಡೆ, ವಿಶ್ವೇಶ್ವರಯ್ಯ ನಾಲೆಯ ನೀರಿನ ಸರದಿ ಎಲ್ಲವನ್ನೂ ಅದರಲ್ಲಿ ಬರೆದಿಟ್ಟಿದ್ದೆ. ಗದ್ದೆಯ ಬದುವಿನ ಮೇಲೆ ನಿಂತು ಆ್ಯಪ್ ತೆರೆದರೆ ಬರೀ ಬಿಳಿ ಪರದೆ. ಕರೆಂಟ್ ಹೋದ ದಿನ ಮನೆಯೊಳಗೂ ಅದೇ ಪಾಡು.

ಕಾರಣ ಸರಳ. ಕೆಲವು ಆ್ಯಪ್‌ಗಳು ಸರ್ವರ್‌ನಲ್ಲಿರುವುದನ್ನು ತೋರಿಸುವ ಕಿಟಕಿಗಳಷ್ಟೇ. ಟಿಪ್ಪಣಿಯ ಪ್ರತಿ ಫೋನಿನಲ್ಲಿ ಇರುವುದಿಲ್ಲ. ಟ್ರಿಲಿಯಂ ಎಂಬ ಟಿಪ್ಪಣಿ ಆ್ಯಪ್ ಡೆಸ್ಕ್‌ಟಾಪಿನಲ್ಲಿ ಪೂರ್ಣ ಪ್ರತಿಯನ್ನು ಇಟ್ಟುಕೊಳ್ಳುತ್ತದೆಯಾದರೂ, ಅದರ ತಂಡವು ಫೋನಿಗೆಂದು ಕೊಟ್ಟಿರುವುದು ಬ್ರೌಸರಿನಲ್ಲಿ ತೆರೆಯುವ ಪುಟವನ್ನು ಮಾತ್ರ.

ಆದ್ದರಿಂದ ಯಾವುದನ್ನೇ ಆರಿಸುವ ಮುನ್ನ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಆ್ಯಪನ್ನು ಪೂರ್ತಿ ಮುಚ್ಚಿ, ಮತ್ತೆ ತೆರೆಯಿರಿ. ಹಳೆಯ ಟಿಪ್ಪಣಿ ಕಾಣಿಸಿದರೆ ಸಾಲದು: ಹೊಸದೊಂದನ್ನು ಬರೆಯಿರಿ, ಕನ್ನಡ ಪದವೊಂದನ್ನು ಹುಡುಕಿ ನೋಡಿ, ಲಗತ್ತಿಸಿದ ತೂಕದ ಚೀಟಿಯ ಚಿತ್ರ ತೆರೆಯುತ್ತದೆಯೇ ಎಂದು ಪರೀಕ್ಷಿಸಿ. ಅನಂತರ ಅದೇ ಟಿಪ್ಪಣಿಯನ್ನು ಕಂಪ್ಯೂಟರಿನಲ್ಲಿ ಒಂದು ಬಗೆಯಾಗಿ, ಫೋನಿನಲ್ಲಿ ಇನ್ನೊಂದು ಬಗೆಯಾಗಿ ತಿದ್ದಿ, ನೆಟ್‌ವರ್ಕ್ ಮತ್ತೆ ಆನ್ ಮಾಡಿ ಸಿಂಕ್ ಮಾಡಿ, ಅಂದರೆ ಎರಡೂ ಕಡೆಯ ಪ್ರತಿಗಳನ್ನು ಹೊಂದಿಸಿ. ಎರಡರಲ್ಲಿ ಒಂದನ್ನು ಸದ್ದಿಲ್ಲದೆ ಅಳಿಸುವ ಆ್ಯಪನ್ನು, ಅದೆಷ್ಟೇ ಅಂದವಾಗಿದ್ದರೂ, ಅಲ್ಲಿಗೇ ಬಿಟ್ಟುಬಿಡಿ.

ಈ ಪರೀಕ್ಷೆಯ ನಂತರ ನಾನು ಉಳಿಸಿಕೊಂಡದ್ದು ಜಾಪ್ಲಿನ್ ಎಂಬ ಆ್ಯಪನ್ನು. ಅದು ಮುಕ್ತ ತಂತ್ರಾಂಶ, ಅಂದರೆ ಅದರ ಮೂಲ ಕೋಡ್ ಎಲ್ಲರಿಗೂ ತೆರೆದಿದೆ. ಟಿಪ್ಪಣಿಗಳನ್ನು ಫೋನಿನಲ್ಲೇ ಇಟ್ಟು, ನೆಕ್ಸ್ಟ್‌ಕ್ಲೌಡ್ (ಸ್ವಂತ ಸರ್ವರ್‌ನಲ್ಲಿ ಕಡತ ಇಡುವ ತಂತ್ರಾಂಶ), ವೆಬ್‌ಡ್ಯಾವ್ (ಸರ್ವರ್‌ನ ಕಡತಗಳನ್ನು ದೂರದಿಂದ ಓದಿ ಬರೆಯುವ ವಿಧಾನ) ಅಥವಾ ತನ್ನದೇ ಜಾಪ್ಲಿನ್ ಸರ್ವರ್ ಮೂಲಕ ಸಿಂಕ್ ಮಾಡುತ್ತದೆ, ತಿದ್ದುಪಡಿಗಳು ಡಿಕ್ಕಿಯಾದರೆ ಫೋನಿನ ಪ್ರತಿಯನ್ನು ಪ್ರತ್ಯೇಕ ನೋಟ್‌ಬುಕ್ಕಿನಲ್ಲಿ ಕಾಯ್ದಿಡುತ್ತದೆ. ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ (ನಿಮ್ಮ ಸಾಧನಗಳಲ್ಲಿ ಮಾತ್ರ ಓದಬಲ್ಲ ಗೂಢಲಿಪಿ) ಇದೆ, ಆದರೆ ನೀವೇ ಆನ್ ಮಾಡಬೇಕು. ಲಗತ್ತುಗಳ ಡೌನ್‌ಲೋಡ್ ಆಯ್ಕೆ ‘ಸದಾ’ ಎಂಬುದರಲ್ಲಿದೆಯೇ ಎಂದೂ ನೋಡಿಕೊಳ್ಳಿ, ಇಲ್ಲವಾದರೆ ಚೀಟಿಯ ಚಿತ್ರ ಬೇಕಾದ ಹೊತ್ತಿಗೆ ಸಿಗದು. ಅದರ ರೂಪ ತುಸು ಒರಟು ಎಂಬುದನ್ನು ಒಪ್ಪುತ್ತೇನೆ.

ಕಡತಗಳನ್ನು ನೇರವಾಗಿ ಕಣ್ಣಿಂದ ನೋಡಬೇಕೆನ್ನುವವರಿಗೆ ಟಿಪ್ಪಣಿ ಬರೆಯುವ ಅಬ್ಸಿಡಿಯನ್ ಮತ್ತು ಸಾಧನಗಳ ನಡುವೆ ಕಡತಗಳನ್ನು ಸಿಂಕ್ ಮಾಡುವ ಸಿಂಕ್‌ಥಿಂಗ್ ಜೋಡಿ ಒಗ್ಗೀತು. ಟಿಪ್ಪಣಿಗಳೆಲ್ಲ ಸಾದಾ ಮಾರ್ಕ್‌ಡೌನ್ ಕಡತಗಳು, ಅಂದರೆ ಯಾವ ಪಠ್ಯ ಸಂಪಾದಕದಲ್ಲೂ ತೆರೆಯುವ ಬರಹಗಳು. ಆದರೆ ಅಬ್ಸಿಡಿಯನ್ ಮುಕ್ತ ತಂತ್ರಾಂಶವಲ್ಲ. ಸಿಂಕ್‌ಥಿಂಗ್‌ನ ಅಧಿಕೃತ ಆಂಡ್ರಾಯ್ಡ್ ಆ್ಯಪ್ 2024ರ ಕೊನೆಗೆ ನಿಂತಿದ್ದು, ಬೇರೆಯವರು ಮುಂದುವರಿಸಿದ ಆವೃತ್ತಿಯನ್ನೇ ಬಳಸಬೇಕಾಗುತ್ತದೆ.

ಹೊರಗಿನಿಂದಲೂ ಸರ್ವರ್ ತಲುಪಬೇಕೆಂದು ರೂಟರಿನಲ್ಲಿ ಪೋರ್ಟ್ (ಇಂಟರ್ನೆಟ್‌ನಿಂದ ಒಳಬರುವ ದಾರಿ) ತೆರೆಯುವ ಆತುರ ಬೇಡ. ಫೋನಿನಲ್ಲೇ ಪ್ರತಿ ಇರುವಾಗ, ಸಂಜೆ ಮನೆಯ ವೈಫೈಗೆ ಬಂದು ಆ್ಯಪ್ ತೆರೆದು ಸಿಂಕ್ ಮುಗಿಯುವವರೆಗೆ ಕಾದರೆ ಹೆಚ್ಚಿನವರಿಗೆ ಸಾಕು. ಅದಕ್ಕೂ ಮೀರಿ ಬೇಕಾದರೆ, ಹೊರಗಿನಿಂದ ಮನೆಯ ನೆಟ್‌ವರ್ಕಿಗೆ ಸುರಕ್ಷಿತ ಖಾಸಗಿ ದಾರಿ ಮಾಡಿಕೊಡುವ ವೈರ್‌ಗಾರ್ಡ್ ಎಂಬ ವಿಪಿಎನ್ ಇದೆ. ಒಂದು ಕಡೆ ಅಳಿಸಿದ್ದು ಸಿಂಕ್‌ನಿಂದ ಎಲ್ಲ ಕಡೆಯೂ ಅಳಿಯುವುದರಿಂದ, ತಿಂಗಳಿಗೊಮ್ಮೆ ಟಿಪ್ಪಣಿಗಳನ್ನು ಎಕ್ಸ್‌ಪೋರ್ಟ್ ಮಾಡಿ ಪೆನ್‌ಡ್ರೈವಿಗೆ ಹಾಕಿಡಿ, ಬೇರೊಂದು ಕಂಪ್ಯೂಟರಿನಲ್ಲಿ ಅದನ್ನು ಒಮ್ಮೆ ತೆರೆದೂ ನೋಡಿ.