ಸೆಖೆಯಲ್ಲಿ ಕೆಲಸ: ಹೊಸಬರ ಮೊದಲ ವಾರ ಹೀಗಿರಲಿ

ನೀರಿನ ಕ್ಯಾನ್ ಇಟ್ಟು, ಗೋಡೆಗೆ ಪೋಸ್ಟರ್ ಅಂಟಿಸಿದರೆ ಕೆಲಸಗಾರರನ್ನು ಸೆಖೆಯಿಂದ ಕಾಪಾಡಿದಂತೆ ಎಂದುಕೊಳ್ಳುವ ಮೇಲ್ವಿಚಾರಕರೇ ಜಾಸ್ತಿ. ನೀರು ಬೇಕು, ನಿಜ. ಆದರೆ ಜೀವ ಹೋಗುವುದು ಬೇರೆ ಕಡೆ. ಹೊರಗೆ ದುಡಿಯುವಾಗ ಬಿಸಿಲಿಗೆ ಬಲಿಯಾದವರಲ್ಲಿ ಶೇ 50ರಿಂದ 70ರಷ್ಟು ಮಂದಿ ಕೆಲಸದ ಮೊದಲ ಕೆಲವೇ ದಿನಗಳಲ್ಲಿ ಸತ್ತವರು ಎನ್ನುತ್ತದೆ ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ 'ಓಶಾ'. ಹಾಗಾಗಿ ಈ ಲೇಖನದ ಹೆಚ್ಚಿನ ಜಾಗ ಎರಡನೇ ಹಂತಕ್ಕೆ.

ಹಂತ 1: ಸೆಖೆ ಅಳೆಯಿರಿ

ಮೊಬೈಲಿನಲ್ಲಿ ಕಾಣುವುದು ನೆರಳಿನ ತಾಪಮಾನ. ನಿಮ್ಮವರು ನಿಂತಿರುವುದು ಬಿಸಿಲಲ್ಲಿ, ಇಲ್ಲವೇ ಕುಲುಮೆ, ಬಾಯ್ಲರ್, ಒಲೆಯ ಮುಂದೆ. ತೇವಾಂಶ, ಗಾಳಿ, ಬಿಸಿಲು, ಯಂತ್ರದ ಕಾವು ಎಲ್ಲವನ್ನೂ ಸೇರಿಸಿ ಹೇಳುವ 'ಡಬ್ಲ್ಯುಬಿಜಿಟಿ' ಮೀಟರ್ ಸಿಗುತ್ತದೆ. ಅದನ್ನು ಕೆಲಸ ನಡೆಯುವ ಜಾಗದಲ್ಲೇ ಇಟ್ಟು ನೋಡಿ, ಆಫೀಸಿನೊಳಗಲ್ಲ.

ಹಂತ 2: ಹೊಸಬರನ್ನು ನಿಧಾನವಾಗಿ ಒಗ್ಗಿಸಿ

ಎಲ್ಲರೂ ಎಡವುವುದು ಇಲ್ಲೇ. ದೇಹ ಸೆಖೆಗೆ ಒಗ್ಗಲು 7ರಿಂದ 14 ದಿನ ಬೇಕು. ಆ ದಿನಗಳಲ್ಲಿ ಬೆವರು ಬೇಗ ಶುರುವಾಗಿ ಹೆಚ್ಚು ಸುರಿಯುವುದನ್ನು ಮೈ ಕಲಿಯುತ್ತದೆ. ಬೆವರಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ. ಅದೇ ಕೆಲಸಕ್ಕೆ ಎದೆಬಡಿತ ಅಷ್ಟು ಏರುವುದಿಲ್ಲ.

ಲೆಕ್ಕ ಸರಳ. ಹೊಸಬರಿಗೆ ಮೊದಲ ದಿನ ಸೆಖೆಯಲ್ಲಿ ಶೇ 20ರಷ್ಟು ಹೊತ್ತು ಮಾತ್ರ ಕೆಲಸ, ಆಮೇಲೆ ದಿನಕ್ಕೆ ಶೇ 20ಕ್ಕಿಂತ ಹೆಚ್ಚು ಏರಿಸಬೇಡಿ. ಎಂಟು ಗಂಟೆಯ ಪಾಳಿಯಾದರೆ ಮೊದಲ ದಿನ ಸುಮಾರು ಒಂದೂವರೆ ಗಂಟೆ ಅಷ್ಟೇ. ಉಳಿದ ಹೊತ್ತು ನೆರಳಲ್ಲಿ ಕೆಲಸ ಕಲಿಸಿ, ಸಾಮಾನು ಎಣಿಸಲು ಹಚ್ಚಿ. ಮನೆಗೆ ಕಳಿಸಿ ಕೂಲಿ ಕಡಿಯಬೇಡಿ. ಕೂಲಿ ಕಡಿದರೆ ಯಾರೂ ಈ ನಿಯಮ ಪಾಲಿಸುವುದಿಲ್ಲ, ಅಲ್ವಾ?

"ಅವನು ಗಟ್ಟಿಮುಟ್ಟಾಗಿದ್ದಾನೆ, ಏನೂ ಆಗಲ್ಲ" ಎನ್ನುವುದು ದೊಡ್ಡ ತಪ್ಪು. ಮೈ ಗಟ್ಟಿ ಇರುವುದೂ ಸೆಖೆಗೆ ಒಗ್ಗಿರುವುದೂ ಬೇರೆ ಬೇರೆ. ಹೊಸಬರ ತಾಕತ್ತು ನೋಡೋಣ ಎಂದು ಮೊದಲ ದಿನವೇ ಅತಿ ಭಾರದ ಕೆಲಸ ಕೊಡುವ ಚಾಳಿಯನ್ನಂತೂ ಇವತ್ತೇ ನಿಲ್ಲಿಸಿ.

ಹಳಬರನ್ನೂ ಮರೆಯಬೇಡಿ. ಒಂದು ವಾರ ರಜೆ ಹಾಕಿದರೂ ಒಗ್ಗಿದ್ದು ಸಾಕಷ್ಟು ಕಳೆದುಹೋಗುತ್ತದೆ. ಹಿಂದಿರುಗಿದವರಿಗೆ ಮೊದಲ ದಿನ ಶೇ 50, ಮರುದಿನ 60, ಮೂರನೇ ದಿನ 80, ನಾಲ್ಕನೇ ದಿನ ಪೂರ್ತಿ ಕೆಲಸ. ಇದ್ದಕ್ಕಿದ್ದಂತೆ ಸೆಖೆ ಏರಿದರೆ ಅಂದು ಎಲ್ಲರೂ ಹೊಸಬರೇ. ಎಲ್ಲರ ಕೆಲಸವನ್ನೂ ತಗ್ಗಿಸಿ.

ಹೊಸಬರು "ಸುಸ್ತಾಗಿದೆ" ಎಂದು ಬಾಯಿಬಿಡುವುದಿಲ್ಲ. ಕೆಲಸ ಹೋದೀತೆಂಬ ಭಯ. ಪೀಸ್‌ ಲೆಕ್ಕದಲ್ಲಿ ದುಡಿಯುವವರು ಕೂರುವುದೂ ಇಲ್ಲ. ಆದ್ದರಿಂದ ಮೊದಲ ವಾರ ಪ್ರತಿ ಹೊಸಬರಿಗೂ ಒಬ್ಬ ಹಳಬರನ್ನು ಜೊತೆ ಮಾಡಿ. ಮಾತು, ನಡಿಗೆ, ಸಿಟ್ಟು ಬದಲಾಗಿದೆಯೇ ಎಂದು ಅವರು ಗಮನಿಸುತ್ತಿರಲಿ.

ಹಂತ 3: ನೀರು

ಪ್ರತಿ 15-20 ನಿಮಿಷಕ್ಕೆ ಒಂದು ಲೋಟ, ಬಾಯಾರಿಕೆಗೆ ಕಾಯದೆ. ಹಾಗೆಂದು ಗಂಟೆಗೆ ಒಂದೂವರೆ ಲೀಟರಿನಷ್ಟು ಸುರಿದುಕೊಳ್ಳುವುದೂ ಬೇಡ, ರಕ್ತದ ಉಪ್ಪಿನಂಶ ಅಪಾಯಕಾರಿಯಾಗಿ ಇಳಿಯಬಹುದು. ಕೆಲವು ಗಂಟೆ ಸತತವಾಗಿ ಬೆವರಿದರೆ ಲವಣ ಬೆರೆತ ಪಾನೀಯ ಕೊಡಿ. ಉಪ್ಪಿನ ಮಾತ್ರೆ, ಎನರ್ಜಿ ಡ್ರಿಂಕ್ ಎರಡೂ ಬೇಡ. ಹತ್ತಿರದಲ್ಲಿ ಶುಚಿಯಾದ ಶೌಚಾಲಯ ಇಲ್ಲದಿದ್ದರೆ ಹೆಂಗಸರು ನೀರು ಕುಡಿಯುವುದನ್ನೇ ಬಿಡುತ್ತಾರೆ. ಕ್ಯಾನಿಗಿಂತ ಮೊದಲು ಅದನ್ನು ಸರಿಪಡಿಸಿ.

ಹಂತ 4: ವಿಶ್ರಾಂತಿ

ವಿರಾಮದ ಹೊತ್ತನ್ನು ನೀವೇ ನಿಗದಿ ಮಾಡಿ, ತಂಪಾದ ಜಾಗ ಕೊಡಿ. ಭಾರದ ಕೆಲಸ ಬೆಳಗಿನ ಜಾವಕ್ಕೆ ಹಾಕಿ. ಗಾಳಿ ಮೈಗಿಂತ ಬಿಸಿಯಿದ್ದಾಗ ಬರೀ ಫ್ಯಾನ್ ಹಾಕಿದರೆ ಬಿಸಿಯನ್ನೇ ಮೈಗೆ ಬೀಸಿದಂತೆ. ಕುತ್ತಿಗೆಗೆ ತೂಗುಹಾಕುವ ಪುಟ್ಟ ಫ್ಯಾನುಗಳಿಗೆ ದುಡ್ಡು ಸುರಿಯಬೇಡಿ. ಅದೇ ಹಣದಲ್ಲಿ ನೆರಳಿಗೆ ಚಪ್ಪರ ಹಾಕಿಸಿ, ಕಾವು ತಡೆಯುವ ಪರದೆ ತರಿಸಿ.

ಹಂತ 5: ಕುಸಿದರೆ

ತಲೆನೋವು, ವಾಕರಿಕೆ, ತಲೆಸುತ್ತು ಕಂಡರೆ ಕೂಡಲೇ ಕೆಲಸ ನಿಲ್ಲಿಸಿ, ತಂಪಾದ ಜಾಗಕ್ಕೆ ಕರೆತನ್ನಿ. ಒಬ್ಬರನ್ನೇ ಬಿಡಬೇಡಿ. ಮಾತು ತೊದಲಿದರೆ, ಗೊಂದಲಗೊಂಡರೆ, ಪ್ರಜ್ಞೆ ತಪ್ಪಿದರೆ ಅದನ್ನು ಹೀಟ್ ಸ್ಟ್ರೋಕ್ ಎಂದೇ ತಿಳಿಯಿರಿ. ಬೆವರು ನಿಂತಿಲ್ಲವೆಂದು ಕಾಯಬೇಡಿ, ದುಡಿಯುವವರಲ್ಲಿ ಬೆವರು ಸುರಿಯುತ್ತಲೇ ಇರಬಹುದು. ಆಂಬುಲೆನ್ಸಿಗೆ ಕರೆ ಮಾಡಿ, ಅದು ಬರುವವರೆಗೆ ಸುಮ್ನೆ ನಿಲ್ಲಬೇಡಿ. ಹೊರಬಟ್ಟೆ ಕಳಚಿ, ತಣ್ಣೀರಿನ ತೊಟ್ಟಿಯಲ್ಲಿ ಕುತ್ತಿಗೆಯವರೆಗೆ ಕೂರಿಸಿ, ತಲೆ ಹಿಡಿದುಕೊಂಡೇ ಇರಿ. ತೊಟ್ಟಿ ಇಲ್ಲವೇ? ಪೈಪಿನಿಂದ ನೀರು ಹರಿಸುತ್ತಾ ಗಾಳಿ ಬೀಸಿ, ಕುತ್ತಿಗೆ, ಕಂಕುಳು, ತೊಡೆಸಂದಿಗೆ ಐಸ್ ಇಡಿ. ಗೊಂದಲದಲ್ಲಿರುವವರ ಬಾಯಿಗೆ ನೀರು ಹಾಕಬೇಡಿ. ಜ್ವರದ ಮಾತ್ರೆಯಿಂದ ಈ ಬಿಸಿ ಇಳಿಯುವುದಿಲ್ಲ.

ಚೇತರಿಸಿಕೊಂಡವರು ಡಾಕ್ಟರ್ ಒಪ್ಪಿದ ಮೇಲೆಯೇ ಕೆಲಸಕ್ಕೆ ಬರಲಿ. ಬಂದ ದಿನದಿಂದ ಎರಡನೇ ಹಂತ ಮತ್ತೆ ಶುರು, ಅದೂ ಶೇ 20ರಿಂದ.