ಮೊದಲು ಚಿತ್ರ, ಆಮೇಲೆ ಸೂಜಿ

ಮಣ್ಣು ಮೆತ್ತಿದ ಹಳೆಯ ರೋಮನ್ ನಾಣ್ಯವನ್ನು ಸೂಜಿಯಿಂದ ಕೆರೆದು ತೊಳೆಯೋ ಮೊದಲೇ ಒಳಗಿನ ಚಿತ್ರ ಯಾವುದು ಅಂತ ಹೇಳಬಹುದು ಅಂದೆ. "ಮಣ್ಣು ತೆಗೆಯದೆ ಚಿತ್ರ ಗುರುತಿಸೋದು ಹೇಗೆ ಸಾಧ್ಯ?" ಅಂತ ಇಲ್ಲಿ ಇಂಗ್ಲೆಂಡಿನ ನಮ್ಮ ನಾಣ್ಯಬಳಗದ ಹಿರಿಯರು ತಲೆಯಾಡಿಸಿದ್ದರು. ಸಾಧ್ಯ. ನಾಲ್ಕನೇ ಶತಮಾನದ ರೋಮನ್ ಕಂಚಿನ ನಾಣ್ಯಗಳಲ್ಲಿ ಮತ್ತೆಮತ್ತೆ ಬರೋ ಚಿತ್ರಗಳು ಹೆಚ್ಚಿಲ್ಲ. ಒಳಗೇನಿದೆ ಅಂತ ತಿಳಿದರೆ ಸೂಜಿ ಎಲ್ಲಿ ತಾಗಿಸಬಾರದು ಅನ್ನೋದೂ ತಿಳಿಯುತ್ತೆ.

ಮೊದಲು ಮಣ್ಣು ಬಿಡಿಸೋಕೆ ಹಿಡಿದ ಉಳಿದ ದಾರಿಗಳಿಗೆ ಸುರಿದ ದುಡ್ಡು ಇನ್ನೂರು ಪೌಂಡಿನ ಮೇಲೇ ಇರಬೇಕು. ತೊಳೆಯದ ನಾಣ್ಯಗಳನ್ನು ಒಟ್ಟಾಗಿ ಮಾರುವ ಲಾಟಿನಲ್ಲಿ ಒಂದೊಂದಕ್ಕೆ ಎರಡು ಪೌಂಡ್ ಆಸುಪಾಸು ಕೊಟ್ಟಿದ್ದೆ. ಆಲಿವ್ ಎಣ್ಣೆಯಲ್ಲಿ ತಿಂಗಳುಗಟ್ಟಲೆ ನೆನೆದವು ಕಪ್ಪಾದವೇ ಹೊರತು ಮಣ್ಣು ಬಿಡಲಿಲ್ಲ. ನಿಂಬೆರಸ ಪಟಿನಾವನ್ನೇ, ಅಂದರೆ ಕಾಲ ಕಳೆದಂತೆ ಲೋಹದ ಮೇಲೆ ಕಟ್ಟೋ ಪದರವನ್ನೇ, ತಿಂದುಹಾಕಿತು. ಕರೆಂಟು ಹಾಯಿಸಿದವು ಬೋಳು ತಾಮ್ರದ ಬಿಲ್ಲೆಗಳಾದವು. ಚಿತ್ರ ಉಳಿದಿದ್ದೇ ಆ ಪಟಿನಾದಲ್ಲಿ.

ಈಗ ಮೊದಲು ತೂಕ, ಅಗಲ. ಇಬ್ಬರು ಸೈನಿಕರ ಚಿತ್ರದ ಸುತ್ತ 'ಗ್ಲೋರಿಯಾ ಎಕ್ಸರ್ಸಿಟಸ್' (ಸೇನೆಯ ಕೀರ್ತಿ) ಅಂತ ಬರೆದ ನಾಣ್ಯದಲ್ಲಿ ಎರಡು ಧ್ವಜಗಳಿದ್ದರೆ (ಕ್ರಿ.ಶ. 330-335) ಎರಡೂವರೆ ಗ್ರಾಂ ಹತ್ತಿರ. ಆಮೇಲಿನ ಒಂಟಿ ಧ್ವಜದ್ದು ಒಂದೂವರೆ ಗ್ರಾಂ ಅಷ್ಟೇ, ಅಗಲವೂ ಕಮ್ಮಿ. ಮಣ್ಣಿನ ತೂಕ ಎಷ್ಟು ಕಳೀಬೇಕು ಅನ್ನೋದು ಕೈಗೆ ಬರಬೇಕು. ಆಮೇಲೆ ಕತ್ತಲೆ ಕೋಣೆ, ಪಕ್ಕದಿಂದ ಒಂದೇ ದೀಪ, ನಾಣ್ಯವನ್ನು ನಿಧಾನಕ್ಕೆ ತಿರುಗಿಸೋದು. ರಾಜನ ತಲೆ ಯಾವ ಕಡೆ ಅಂತ ಸಿಕ್ಕರೆ ಸಾಕು: ಈ ಕಾಲದವುಗಳಲ್ಲಿ ಹಿಂಬದಿ ಚಿತ್ರ ಹೆಚ್ಚಾಗಿ ಅದಕ್ಕೆ ನೇರ, ಇಲ್ಲ ತಲೆಕೆಳಗು.

ಮೊನ್ನೆ ಬಂದ ಒಂದರಲ್ಲಿ ಕಂಡಿದ್ದು ಓರೆಗೆರೆ ಒಂದೇ. ಅದನ್ನು ಈಟಿ ಅಂದುಕೊಂಡೆ. ಹಾಗಾದರೆ 348ರಲ್ಲಿ ಶುರುವಾದ 'ಫೆಲ್ ಟೆಂಪ್ ರೆಪರಾಶಿಯೊ' (ಒಳ್ಳೆಯ ಕಾಲ ಮರಳಿತು) ಸರಣಿಯದು, ಸೈನಿಕನ ಈಟಿಗೆ ಸಿಕ್ಕಿ ಬೀಳುವ ಕುದುರೆಸವಾರ. ಅವನು ಇರಬೇಕಾದದ್ದು ಎಡಗಡೆ ಕೆಳಗೆ. ಅಲ್ಲಿ ಲೋಹದ ಸೂಜಿ ಬಿಟ್ಟು ಬಿದಿರಿನ ಮೊನೆ ಹಿಡಿದೆ. ಹಿಂದಕ್ಕೆ ಚಾಚಿದ ಕೈ, ಗಡ್ಡ, ಕುದುರೆಯ ಕುತ್ತಿಗೆ, ಎಲ್ಲ ಇಡಿಯಾಗಿ ಬಂತು! ಹಿರಿಯರು ಲೂಪ್, ಅಂದರೆ ಕಣ್ಣಿಗಿಡೋ ಪುಟ್ಟ ಭೂತಗನ್ನಡಿ, ಇಟ್ಟು ಸುಮಾರು ಹೊತ್ತು ನೋಡಿದರು. ಅವಳಿ ಮಕ್ಕಳಿಗೆ ಹಾಲೂಡೋ ತೋಳದ ಚಿತ್ರವಿರುವ 'ಉರ್ಬ್ಸ್ ರೋಮಾ' (ರೋಮ್ ನಗರ) ನಾಣ್ಯವೂ ಹೀಗೇ ಸಿಕ್ಕಿತು. ಮೇಲಿನ ಎರಡು ನಕ್ಷತ್ರ ಕಂಡ ಕೂಡಲೇ ಕೆಳಗೆ ತೋಳ ಅಂತ ಗೊತ್ತಾಗಿಬಿಡುತ್ತೆ.

ಮೊನೆಯನ್ನು ಯಾವುದರಲ್ಲಿ ಅದ್ದುತ್ತೇನೆ ಅನ್ನೋದು ನನ್ನಲ್ಲೇ ಇರಲಿ. ನಡುವೆ ಫ್ರೀಜರಿನಲ್ಲಿಟ್ಟು ಬಿಸಿನೀರಿಗೆ ಹಾಕೋದನ್ನೂ ನೋಡಿದೆ. ಗಟ್ಟಿ ಮಣ್ಣಿಗೆ ಒಳ್ಳೆಯದು, ಬಿರುಕು ಬಿಟ್ಟ ನಾಣ್ಯಕ್ಕೆ ಮಾತ್ರ ಬೇಡವೇ ಬೇಡ. ಜೇಡಿಮಣ್ಣಿನಲ್ಲಿ ಅಚ್ಚೊತ್ತಿ ಓದೋದು ಇನ್ನೂ ಪೂರ್ತಿ ಹದಕ್ಕೆ ಬಂದಿಲ್ಲ.

ಸೆಕೆಂಡ್‌ಹ್ಯಾಂಡ್ ಸ್ಟೀರಿಯೊ ಮೈಕ್ರೋಸ್ಕೋಪ್‌ಗೆ ನೂರಿಪ್ಪತ್ತು ಪೌಂಡ್ ಕೊಟ್ಟ ನೆನಪು. ಈಗ ಹತ್ತರಲ್ಲಿ ಆರೇಳು ಓದೋ ಹಾಗೆ ಬರುತ್ತವೆ. ಮೊದಲು ಎರಡು ಬಂದರೆ ಹೆಚ್ಚು. ತಿಳಿಹಸಿರು ಪುಡಿ ಉದುರಿಸುವವನ್ನು, ಅಂದರೆ ಲೋಹವನ್ನೇ ತಿನ್ನೋ 'ಕಂಚಿನ ರೋಗ' ಹಿಡಿದವನ್ನು, ಮಾತ್ರ ಆ ದಿನವೇ ಬೇರೆ ಡಬ್ಬಿಗೆ ಹಾಕಿ ಆ ರೋಗ ತಡೆಯೋ ಸೋಡಿಯಂ ಸೆಸ್ಕ್ವಿಕಾರ್ಬೊನೇಟ್ ಎಂಬ ಲವಣದ ನೀರಿನಲ್ಲಿ ನೆನೆಯಲು ಬಿಡುತ್ತೇನೆ, ಚಿತ್ರ ಎಷ್ಟೇ ಚೆನ್ನಾಗಿರಲಿ.